ಒಣ ಬೋರಿಗೆ ಸುರಿದ ನೀರು

ನನ್ನ ತಂಗಿಯ ಬೋರಿನ ನೀರು ಉಪ್ಪಾದದ್ದು ನನ್ನಿಂದ. ಊರು ನಂಬಿರುವಂತೆ ಪಕ್ಕದ ಹೊಲದ ಬಸಣ್ಣನಿಂದ ಅಲ್ಲ. ಯಾರ ದೃಷ್ಟಿ ತಾಗಿಯೂ ಅಲ್ಲ. ನಾನು — ಅವಳ ಒಡಹುಟ್ಟಿದ ಅಣ್ಣ — ಕಾರ್ಖಾನೆಯ ಉಪ್ಪು ನೀರನ್ನು ಟ್ಯಾಂಕರಿನಲ್ಲಿ ತಂದು, ನಮ್ಮಪ್ಪ ಕೊರೆಸಿ ಕೈಬಿಟ್ಟಿದ್ದ ಒಣ ಬೋರಿನೊಳಗೆ ಸುರಿದೆ. ಒಂದು ದಿನ ಅಲ್ಲ. ಎರಡು ಮಳೆಗಾಲ.

ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆ ಹಿಡಿದದ್ದು ಸ್ಟಿಯರಿಂಗು. ಪೆನ್ನು ಹಿಡಿಯುತ್ತಿದ್ದದ್ದು ಟ್ರಿಪ್ ಪುಸ್ತಕ ಬರೆಯಲು ಮಾತ್ರ, ಮತ್ತು ಆ ಎರಡು ಮಳೆಗಾಲ ನಾನು ಅದರಲ್ಲಿ ಬರೆದ ಸಾಲುಗಳೆಲ್ಲ ಸುಳ್ಳು. ಈಗ ಇದನ್ನು ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದರೆ ತಪ್ಪಲಿ — ಮಾತು ತಪ್ಪಬಾರದು, ಅಷ್ಟೇ.

ನಮ್ಮೂರು ಜಗಳೂರು ತಾಲ್ಲೂಕಿನದು. ನಮ್ಮಲ್ಲಿ ಹೊಲದ ಗುರುತು ಹೇಳುವಾಗ ಫೇಲಾದ ಬೋರಿನ ಗುರುತು ಹೇಳುತ್ತಾರೆ — ಇಂಥವರ ಒಣ ಬೋರಿನ ಎಡಕ್ಕೆ, ಇಂಥವರ ಎರಡನೇ ಬೋರಿನ ಹಿಂದಕ್ಕೆ. ನೀರು ಬೀಳದ ಬೋರಿನ ಬಾಯಿಗೆ ಒಂದು ಚಪ್ಪಡಿ ಎಳೆದು, ದನ ಕಾಲಿಡದಿರಲಿ ಅಂತ ನಾಲ್ಕು ಮುಳ್ಳುಕಂಟಿ ಹೇರಿ ಮರೆತುಬಿಡುವುದು ನಮ್ಮ ರೂಢಿ. ಅಪ್ಪ ಇಳಿಜಾರಿನ ಮೇಲುಗಡೆ ಕೊರೆಸಿದ್ದು ಅಂಥದೇ ಒಂದು. ಎಷ್ಟು ಆಳಕ್ಕೆ ಹೋದರೂ ಬರೀ ಬಿಳಿ ಧೂಳು. ಅವತ್ತು ಅಪ್ಪ ತಲೆಯ ಮೇಲೆ ಟವೆಲ್ ಹಾಕಿಕೊಂಡು ಹೊಲದಲ್ಲೇ ಕೂತಿದ್ದ.

ತಂಗಿ ಗಿರಿಜಾಳನ್ನು ಸವಳಂಗದ ಕಡೆ ಕೊಟ್ಟಿದ್ದೆವು. ಗಂಡ ತೀರಿಕೊಂಡ ಮೇಲೆ ಅವಳು ಊರಿಗೆ ಬಂದಳು. ಅಪ್ಪ ಇರುವಾಗಲೇ ಇಳಿಜಾರಿನ ಕೆಳಗಿನ ಎರಡು ಎಕರೆಯನ್ನು ಅವಳ ಹೆಸರಿಗೆ ಮಾಡಿದ. ಮೇಲಿನದು ನನಗೆ ಉಳಿಯಿತು, ಒಣ ಬೋರಿನ ಸಮೇತ. ಅವಳ ಪಾಲಿನಲ್ಲಿ ಕೊರೆಸಿದರೆ ಮುನ್ನೂರು ಅಡಿಗೇ ನೀರು ಬಿತ್ತು. ಎರಡಿಂಚು, ಸಿಹಿ ನೀರು. ನಮ್ಮ ಕಡೆ ಸಿಹಿ ನೀರು ಅಂದರೆ ಏನು ಅಂತ ನಮ್ಮ ಕಡೆಯವರಿಗೇ ಗೊತ್ತು. ಮೋಟಾರು ಮೊದಲ ಸಲ ನೀರು ಎತ್ತಿದಾಗ ಗಿರಿಜಾ ಬೊಗಸೆಯಲ್ಲಿ ಹಿಡಿದು ಮೊದಲು ನನಗೇ ಕುಡಿಸಿದಳು. ನನಗೆ ಹೊಟ್ಟೆಕಿಚ್ಚು ಇತ್ತಾ? ಈ ಪ್ರಶ್ನೆಯನ್ನು ಎಷ್ಟೋ ಸಲ ನನಗೇ ಕೇಳಿಕೊಂಡಿದ್ದೇನೆ. ಇರಲಿಲ್ಲ ಅಂತ ಗಟ್ಟಿಯಾಗಿ ಹೇಳಲು — ಬಾಯಿ ಬರುತ್ತಿಲ್ಲ.

ಆ ನೀರಿನಲ್ಲಿ ಅವಳು ಮಿಡಿ ಸೌತೆ ಬೆಳೆದಳು. ಬೆರಳುದ್ದದ ಸೌತೆ. ನಾವ್ಯಾರೂ ತಿನ್ನುವುದಿಲ್ಲ, ಉಪ್ಪು, ಹುಳಿ ಹಾಕಿದ ನೀರಿನ ಡ್ರಮ್ಮಿನಲ್ಲಿ ತುಂಬಿ ಹೊರದೇಶಕ್ಕೆ ಕಳಿಸುತ್ತಾರೆ. ನಮ್ಮೂರಿಂದ ಸ್ವಲ್ಪ ದೂರದಲ್ಲೇ ಅದರ ಕಾರ್ಖಾನೆ ಇತ್ತು. ನಾನು ಅಲ್ಲಿ ಡ್ರೈವರ್. ಮೊದಲು ಕಾಯಿಯ ವ್ಯಾನು ಓಡಿಸುತ್ತಿದ್ದೆ — ಬಸವಾಪಟ್ಟಣ, ತ್ಯಾವಣಿಗೆ, ನ್ಯಾಮತಿ ಕಡೆಯಿಂದ ಕಾಯಿ ತರುವುದು. ಹೊರದೇಶದಲ್ಲಿ ಕೊಳ್ಳುವವರ ನಿಯಮ ಬಹಳ ಬಿಗಿ. ರೈತರು ಯಾವ ದಿನ ಏನು ಸಿಂಪಡಿಸಿದರು, ಎಷ್ಟು ನೀರು ಬಿಟ್ಟರು, ಔಷಧಿ ಡಬ್ಬಿ ಏನು ಮಾಡಿದರು — ಎಲ್ಲ ಡೈರಿಯಲ್ಲಿ ಬರೆಯಬೇಕು. ಭೂಮಿ ಕೆಡಿಸದೆ ಬೆಳೆದ ಕಾಯಿ ಅಂತ ಸೌತೆಯ ಡಬ್ಬಿಯ ಮೇಲೆ ಹಸಿರು ಎಲೆಯ ಗುರುತು ಹಾಕುತ್ತಾರಂತೆ. ಗಿರಿಜಾ ನಾಲ್ಕನೇ ಕ್ಲಾಸು. ಒಂದೊಂದೇ ಅಕ್ಷರ ಕೂಡಿಸಿ ಡೈರಿ ತುಂಬುತ್ತಿದ್ದಳು. ಒಂದು ಸಲ ಬೇವಿನೆಣ್ಣೆ ಹೊಡೆದದ್ದನ್ನು ಬರೆಯಲು ಮರೆತು ಡೈರಿಯನ್ನು ಕಾರ್ಖಾನೆಗೆ ತೋರಿಸಲು ಕೊಟ್ಟಿದ್ದಳು. ನೆನಪಾದೊಡನೆ ಎರಡು ಮೈಲಿ ನಡೆದು ಹೋಗಿ ಬರೆದು ಬಂದಳು. “ಬಿಡೇ, ಬೇವಿನೆಣ್ಣೆ ಯಾರು ಕೇಳ್ತಾರೆ?” ಅಂದರೆ, “ಅಲ್ಲಿ ತಿನ್ನೋರು ನನ್ ಮಾತು ನಂಬಿ ತಿಂತಾರಣ್ಣ” ಅಂದಳು.

ಆಮೇಲೆ ನನಗೆ ಟ್ಯಾಂಕರು ಕೊಟ್ಟರು. ಕಾಯಿ ನೆನೆಸಿದ ಉಪ್ಪು ನೀರನ್ನು ಕಾರ್ಖಾನೆಯ ಕೊಳದಲ್ಲಿ ಬಿಸಿಲಿಗೆ ಒಣಗಿಸುತ್ತಿದ್ದರು. ಮಳೆಗಾಲದಲ್ಲಿ ಅದು ಒಣಗುವುದಿಲ್ಲ. ಆಗ ಟ್ಯಾಂಕರಿನಲ್ಲಿ ತುಂಬಿ, ದೂರದ ಶುದ್ಧೀಕರಣ ಘಟಕಕ್ಕೆ ಹೋಗಿ, ಸಾಲಿನಲ್ಲಿ ನಿಂತು ಇಳಿಸಿ ಬರಬೇಕು. ಒಂದು ಟ್ರಿಪ್ಪಿಗೆ ಒಂದು ಹಗಲು. ಒಂದು ಬೆಳಿಗ್ಗೆ ಸೂಪರ್‌ವೈಸರ್ ನನ್ನನ್ನು ಕೊಳದ ದಂಡೆಗೆ ಕರೆದ.

“ನೋಡಪ್ಪ ಓಬಳೇಶ, ತುಂಬಿ ಕಾಂಪೌಂಡು ದಾಟೋ ಹಂಗೈತೆ. ದಿನಕ್ಕೊಂದು ಟ್ರಿಪ್ ಹೊಡೆದ್ರೆ ಹೆಂಗೆ? ಮೂರಾದ್ರೂ ಬೇಕು.”

“ಹೋಗಿ ಬರಾಕೇ ಸಂಜೆ ಆಗ್ತೈತೆ ಸಾರ್. ಟ್ಯಾಂಕರಿಗೇನು ರೆಕ್ಕೆ ಐತಾ?”

“ರೆಕ್ಕೆ ಯಾಕಪ್ಪ, ನಿನಗೆ ತಲೆ ಐತಲ್ಲ. ನಿಮ್ ಊರ್ ಕಡೆ ನೆಲದ ತುಂಬ ಬರೀ ತೂತೇ ಅಲ್ವಾ?”

ಅವನು ನಕ್ಕ. ನಾನೂ ನಕ್ಕೆ. ಅವನು ಅಪ್ಪಣೆ ಕೊಡಲಿಲ್ಲ, ಹೆದರಿಸಲಿಲ್ಲ. ಬೇಡ ಅಂದಿದ್ದರೆ ಏನಾಗುತ್ತಿತ್ತೋ — ಏನೂ ಆಗುತ್ತಿರಲಿಲ್ಲವೇನೋ. “ನಮ್ಮಪ್ಪಂದೂ ಒಂದೈತೆ ಸಾರ್” ಅಂದದ್ದು ನಾನು. ಬೇಗ ಮನೆ ಸೇರಬಹುದು, ಮಧ್ಯಾಹ್ನದ ಊಟ ಮನೆಯಲ್ಲೇ ಮಾಡಬಹುದು — ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಇಷ್ಟು ಚಿಕ್ಕ ಕಾರಣಕ್ಕೆ ಇಷ್ಟು ದೊಡ್ಡದು ಆಗಬಹುದು ಅಂತ ಬರೆಯಲೂ ನಾಚಿಕೆಯಾಗುತ್ತದೆ.

ನನ್ನ ತಿಳುವಳಿಕೆ ಹೀಗಿತ್ತು: ಒಣ ಬೋರು ಅಂದರೆ ಸೆಲೆ ಸಿಗದ ಬೋರು. ಸೆಲೆ ಇಲ್ಲದ ಮೇಲೆ ಅದಕ್ಕೆ ಯಾವ ಬೋರಿನ ಜೊತೆಯೂ ನಂಟಿಲ್ಲ. ಹಾಕಿದ್ದು ಅಲ್ಲೇ ಪಾತಾಳ ಸೇರುತ್ತದೆ. ನಮ್ಮೂರಲ್ಲಿ ಯಾರನ್ನು ಕೇಳಿದ್ದರೂ ಹೀಗೇ ಹೇಳುತ್ತಿದ್ದರು. ಆದರೆ ನಾನು ಯಾರನ್ನೂ ಕೇಳಲಿಲ್ಲ.

ಮೊದಲ ಟ್ಯಾಂಕರು ಇಳಿಸಿದ ದಿನ ಚಪ್ಪಡಿ ಸರಿಸಿ ಪೈಪು ಬಿಟ್ಟೆ. ಬೋರು ತುಂಬಿ ಉಕ್ಕುತ್ತದೆ, ಅರ್ಧ ಟ್ಯಾಂಕರು ವಾಪಸ್ ಒಯ್ಯಬೇಕಾಗುತ್ತದೆ ಅಂದುಕೊಂಡಿದ್ದೆ. ಉಕ್ಕಲಿಲ್ಲ. ಒಂದು ಬೀಡಿ ಸೇದಿ ಮುಗಿಸುವ ಮುಂಚೆ ಟ್ಯಾಂಕರು ಖಾಲಿ. ಆಳದಲ್ಲಿ ಗುಟುಕರಿಸುವ ಸದ್ದು. ಆಮೇಲೆ ಬೋರಿನ ಬಾಯಿಂದ ತಣ್ಣನೆ ಗಾಳಿ ಬಂತು — ಹುಳಿ ವಾಸನೆಯ ಗಾಳಿ — ಕುಡಿದವನು ಉಸಿರು ಬಿಟ್ಟ ಹಾಗೆ. ನೀರೇ ಇಲ್ಲದ ತೂತು ಇಷ್ಟು ನೀರನ್ನು ಎಲ್ಲಿ ಇಟ್ಟುಕೊಂಡಿತು? ಆ ಪ್ರಶ್ನೆ ಅವತ್ತೇ ಬಂತು. ನಾನು ಚಪ್ಪಡಿ ಎಳೆದು, ಮುಳ್ಳು ಹೇರಿ, ಟ್ರಿಪ್ ಪುಸ್ತಕದಲ್ಲಿ ‘ಘಟಕಕ್ಕೆ ಇಳಿಸಿದೆ’ ಅಂತ ಬರೆದು ಸಹಿ ಹಾಕಿದೆ.

ಮೊದಲ ಮಳೆಗಾಲ ಏನೂ ಆಗಲಿಲ್ಲ. ಅದರಿಂದ ನನ್ನ ಧೈರ್ಯ ಹೆಚ್ಚಿತು. ಎರಡನೆಯ ಮಳೆಗಾಲದ ನಡುವೆ, ಒಂದು ಬೆಳಿಗ್ಗೆ ಗಿರಿಜಾಳ ಮನೆಗೆ ಹೋದಾಗ ಅವಳು ಒಲೆ ಮುಂದೆ ಕೂತು ಬೈಯುತ್ತಿದ್ದಳು.

“ಅಂಗಡಿಯೋನು ಎಂಥ ಹಳೇ ಬೇಳೆ ಕೊಟ್ಟಾನೋ ಅಣ್ಣ, ಎರಡು ತಾಸಾತು, ಬೇಯ್ತಾನೇ ಇಲ್ಲ. ನಿನ್ನೆ ಹಾಲೂ ಒಡೀತು.”

ನಾನು ಚೊಂಬು ಎತ್ತಿ ಒಂದು ಗುಟುಕು ಕುಡಿದೆ. ನಾಲಿಗೆಯ ಅಂಚಿನಲ್ಲಿ ಉಪ್ಪು — ಇದೆಯೋ ಇಲ್ಲವೋ ಅನ್ನುವಷ್ಟು. ಅವಳಿಗೆ ಗೊತ್ತಾಗಿರಲಿಲ್ಲ. ನನಗೆ ಗೊತ್ತಾಯಿತು. “ಬೇಳೇನೇ ಸರಿ ಇಲ್ಲ ಬಿಡು” ಅಂದೆ. ಹೇಳಿ, ಎದ್ದು ಬಂದು, ಅದೇ ಮಧ್ಯಾಹ್ನ ಇನ್ನೊಂದು ಟ್ಯಾಂಕರು ಅದೇ ಬೋರಿಗೆ ಇಳಿಸಿದೆ.

ಯಾಕೆ? ನಿಲ್ಲಿಸಿದರೆ ಸೂಪರ್‌ವೈಸರ್ ಯಾಕೆ ಅಂತ ಕೇಳುತ್ತಾನೆ. ಹೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ. ಸುರಿಯುತ್ತಾ ಇರುವವರೆಗೂ ಏನೂ ಆಗಿಲ್ಲ ಅಂತ ನನಗೆ ನಾನೇ — ಹೌದು, ನನ್ನನ್ನು ನಾನೇ ನಂಬಿಸುತ್ತಿದ್ದೆ. ಗೊತ್ತಾಗುವ ಮೊದಲು ಮಾಡಿದ್ದನ್ನು ತಪ್ಪು ಅನ್ನಿ. ಗೊತ್ತಾದ ಮೇಲೆ ಮಾಡಿದ್ದಕ್ಕೆ ನನ್ನ ಹತ್ತಿರ ಹೆಸರಿಲ್ಲ.

ಅದೇ ದಿನಗಳಲ್ಲಿ ಕೊಳ್ಳುವ ಕಂಪನಿಯವರು ತಪಾಸಣೆಗೆ ಬಂದರು. ನನ್ನನ್ನೂ ಕರೆದು, ಕೆಟ್ಟ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರು. ನಾನು ಟ್ರಿಪ್ ಪುಸ್ತಕ ತೋರಿಸಿದೆ. ಹಾಳೆ ಹಾಳೆ ತಿರುವಿ ನೋಡಿ, ಚೆನ್ನಾಗಿ ಬರೆದಿದ್ದೀಯ ಅಂತ ಬೆನ್ನು ತಟ್ಟಿದರು. ಟ್ಯಾಂಕರಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದರು. ಆ ಫೋಟೊ ಆಫೀಸಿನ ಗೋಡೆಗೆ ಬಂತು, ಮೇಲೆ ಹಸಿರು ಎಲೆಯ ಗುರುತು. ಕಾಯಿ ತೂಕಕ್ಕೆ ಬಂದ ಗಿರಿಜಾ ಅದನ್ನು ನೋಡಿ, ಜೊತೆಗಿದ್ದ ಹೆಂಗಸರಿಗೆ “ಇವ ನಮ್ಮಣ್ಣ” ಅಂತ ತೋರಿಸಿದಳಂತೆ.

ಮುಂದಿನದು ಬೇಗ ಬೇಗ ಆಯಿತು. ಸೌತೆ ಎಲೆಯ ಅಂಚು ಸುಟ್ಟ ಕಾಗದದ ಹಾಗೆ ಕಪ್ಪಾಯಿತು. ಡ್ರಿಪ್ ಪೈಪಿನ ತೂತುಗಳ ಸುತ್ತ ಬಿಳಿ ಹಕ್ಕಳೆ ಕಟ್ಟಿತು. ಎಮ್ಮೆ ತೊಟ್ಟಿಗೆ ಮೂತಿ ಇಟ್ಟು, ಕುಡಿಯದೆ, ನಮ್ಮ ಮುಖ ನೋಡಿತು. ಆಮೇಲಷ್ಟೇ ನಾನು ಸುರಿಯುವುದನ್ನು ನಿಲ್ಲಿಸಿದೆ. ಬೋರು ಹೂತುಹೋಯಿತು ಅಂತ ಸೂಪರ್‌ವೈಸರಿಗೆ ಸುಳ್ಳು ಹೇಳಿದೆ. “ಹೋದ್ರೆ ಹೋಗ್ಲಿ, ಬ್ಯಾರೆ ನೋಡಾಣ” ಅಂದ. ಬೇರೆ ಯಾವುದು ನೋಡಿದರು, ಯಾರು ತೋರಿಸಿದರು — ನನಗೆ ಗೊತ್ತಿಲ್ಲ. ನಾನು ಕೆಲಸ ಬಿಟ್ಟೆ. ಟ್ಯಾಂಕರು ಮಾತ್ರ ಇವತ್ತಿಗೂ ನಮ್ಮ ರಸ್ತೆಯಲ್ಲಿ ತುಂಬಿ ಹೋಗುತ್ತದೆ, ಮಧ್ಯಾಹ್ನದೊಳಗೆ ಖಾಲಿ ಬರುತ್ತದೆ.

ಗಿರಿಜಾಳ ನೀರನ್ನು ಕಾರ್ಖಾನೆಯವರೇ ಪರೀಕ್ಷೆ ಮಾಡಿಸಿದರು. ಅವರೇ ಕೆಡಿಸಿದ ನೀರು, ಅವರ ನಿಯಮಕ್ಕೇ ಹೊಂದಲಿಲ್ಲ. ಅವಳ ಹೆಸರನ್ನು ಪಟ್ಟಿಯಿಂದ ತೆಗೆದು, ಡೈರಿ ವಾಪಸ್ ತೆಗೆದುಕೊಂಡರು. ಎರಡು ಎಕರೆ ಇದ್ದೂ ಅವಳು ಕೂಲಿಗೆ ಹೊರಟಳು.

ಇನ್ನು ಬಸಣ್ಣ. ಅವನಿಗೂ ಗಿರಿಜಾಳಿಗೂ ಬದುವಿನ ಜಗಳ ಇತ್ತು, ಹೊಲ ಇದ್ದವರಿಗೆಲ್ಲ ಇರುವಂಥದ್ದು. ಅವನು ತೆಂಗಿನ ಸಸಿಗಳ ಬುಡಕ್ಕೆ ಹಾಕಲು ಒಂದು ಚೀಲ ಕಲ್ಲುಪ್ಪು ತಂದಿಟ್ಟಿದ್ದ. ನಮ್ಮಲ್ಲಿ ತೆಂಗಿಗೆ ಉಪ್ಪು ಹಾಕುವವರು ಬೇಕಾದಷ್ಟು ಜನ. ಆದರೆ ಬೋರು ಉಪ್ಪಾದ ಊರಲ್ಲಿ ಉಪ್ಪಿನ ಚೀಲ ಇಟ್ಟುಕೊಂಡವನು ಒಬ್ಬನೇ ಆಗಿಬಿಡುತ್ತಾನೆ. ಮಾತು ಬೆಳೆದು ಒಂದು ಸೋಮವಾರ, ಊರಿನ ಜನ ಸೇರುವ ಕಟ್ಟೆಗೆ ಬಂತು.

“ತೆಂಗಿಗೆ ಹಾಕಾಕೆ ತಂದೀನ್ರಪ್ಪ” ಅಂದ ಬಸಣ್ಣ.

“ಐದು ಸಸಿಗೆ ಒಂದು ಚೀಲ ಉಪ್ಪಾ? ಎಳನೀರು ಬಿಡಿಸ್ತೀಯೋ, ಸಮುದ್ರ ತುಂಬಿಸ್ತೀಯೋ?” ಅಂತ ಯಾರೋ ಅಂದರು. ಎಲ್ಲರೂ ನಕ್ಕರು.

ಅವನು ನನ್ನ ಕಡೆ ತಿರುಗಿದ. “ಓಬಳೇಶಣ್ಣ, ನಾಲ್ಕೂರು ತಿರುಗಿದೋನು ನೀನು. ನೀನಾದ್ರೂ ಹೇಳು. ಒಂದು ಚೀಲ ಉಪ್ಪಿಗೆ ಮುನ್ನೂರು ಅಡಿ ನೀರು ಕೆಡ್ತೈತಾ?”

ಕೆಡುವುದಿಲ್ಲ ಅಂತ ಆ ಕಟ್ಟೆಯ ಮೇಲೆ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗಿರಿಜಾ ನನ್ನನ್ನೇ ನೋಡುತ್ತಿದ್ದಳು.

“ಉಪ್ಪಿನ ಚೀಲ ನಾನೂ ನೋಡೀನಿ” ಅಂದೆ.

ಅಷ್ಟೇ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಟ್ರಿಪ್ ಪುಸ್ತಕದ ಸುಳ್ಳುಗಳೆಲ್ಲ ಸೇರಿ ಮಾಡದ ಕೇಡನ್ನು ಆ ನಿಜ ಮಾಡಿತು. ಗಿರಿಜಾ ಬಗ್ಗಿ ಎರಡು ಕೈಯಲ್ಲೂ ಮಣ್ಣು ತುಂಬಿ ಬಸಣ್ಣನ ಕಡೆ ತೂರಿದಳು. “ನಿನ್ನ ಒಲೆ ಆರಲಿ” ಅಂದಳು. ಅವನು ಕಣ್ಣು ಒರೆಸಿಕೊಂಡು ನಿಂತಿದ್ದ. ಮಣ್ಣು ಬಿದ್ದದ್ದಕ್ಕೋ ಏನೋ.

ಆ ವರ್ಷ ಅವನ ಮೆಕ್ಕೆಜೋಳ ಮುರಿಯಲು, ಕೆಲಸಕ್ಕೆ ಕೆಲಸ ತೀರಿಸುವ ಮುಯ್ಯಾಳಾಗಿ ಊರಿನ ಒಬ್ಬರೂ ಹೋಗಲಿಲ್ಲ. ತೆನೆ ಗಿಡದಲ್ಲೇ ಒಣಗಿ ಬಾಗಿದವು. ಅವನು ಹೊಲವನ್ನು ಬೆಳೆಯಲ್ಲಿ ಪಾಲು ಸಿಗುವ ಹಾಗೆ ಬೇರೆಯವರಿಗೆ ಕೋರಿಗೆ ಹಾಕಿ, ಹೆಂಡತಿಯನ್ನು ಕರೆದುಕೊಂಡು ಹೊನ್ನಾಳಿಯ ಕಡೆ ಭಾವಮೈದುನನ ಊರಿಗೆ ಹೋದ. ನಾನು ದಾರಿಯಲ್ಲಿ ಎದುರಾಗಿ ಮುಖ ತಿರುಗಿಸಿಕೊಂಡೆ.

ಇದೆಲ್ಲ ಆಗಿ ಮೂರು ವರ್ಷ. ಹೀಗೇ ಇದ್ದುಬಿಡುತ್ತಿದ್ದೆನೋ ಏನೋ. ಹೋದ ವಾರ ಗಿರಿಜಾ ಬಂದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಇತ್ತು. ಎಮ್ಮೆ ಮಾರಿದ್ದಳು, ಇನ್ನೊಂದು ಬೋರು ಕೊರೆಸುತ್ತಾಳಂತೆ. ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸಿದ್ದಳು. ಅವರ ಅಂಗೈಯಲ್ಲಿ ಕಾಯಿ ಎದ್ದು ನಿಂತದ್ದು ನನ್ನ ಹೊಲದ ಅಂಚಿನಲ್ಲಿ.

“ಅಪ್ಪನ ಹಳೇ ಬೋರಿಂದ ಹತ್ತು ಮಾರು ಅಷ್ಟೇ ಅಣ್ಣ. ನೆಲದಾಗೆ ಬೇಕಾದಷ್ಟು ನೀರೈತಂತೆ. ನೀನು ಹೂಂ ಅಂದ್ರೆ ಶುಕ್ರವಾರ ಬೋರ್ ಕೊರೆಯೋ ಗಾಡಿ ಬರ್ತೈತೆ.”

ನೆಲದಲ್ಲಿ ನೀರಿದೆ. ಹೌದು. ಅದು ಯಾವ ನೀರು ಅಂತ ನನಗೆ ಮಾತ್ರ ಗೊತ್ತು. ಸುಮ್ಮನೆ ಬೇಡ ಅನ್ನಬಹುದಿತ್ತು. ನನ್ನ ಹೊಲ, ನಾನು ಒಪ್ಪಲ್ಲ ಅಂದು ಕಲ್ಲಾಗಿ ಕೂರಬಹುದಿತ್ತು. ಆ ಮಾತು ನಾಲಿಗೆ ತುದಿಗೂ ಬಂದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಅವತ್ತು ಕಟ್ಟೆಯಲ್ಲಿ ನೋಡಿದ ಹಾಗೆಯೇ. ನಾನು ಹೇಳಿದೆ. ಕೊಳ, ಟ್ಯಾಂಕರು, ಚಪ್ಪಡಿ, ಆ ಬೆಳಿಗ್ಗೆ ಕುಡಿದ ಒಂದು ಗುಟುಕು — ಎಲ್ಲ.

ಅವಳು ಅಳಲಿಲ್ಲ. “ಎಷ್ಟು ಟ್ಯಾಂಕರು?” ಅಂತ ಕೇಳಿದಳು.

“ಲೆಕ್ಕ ಇಟ್ಟಿಲ್ಲ ಗಿರಿಜಾ.”

“ಪುಸ್ತಕ ಬರೀತಿದ್ಯಲ್ಲ.”

“ಅದರಾಗೆ ಬರೆದದ್ದೆಲ್ಲ ಸುಳ್ಳು” ಅಂದೆ.

“ಆ ಮನುಷ್ಯನಿಗೆ ನಾನು ಮಣ್ಣು ತೂರಿದೆ ಅಣ್ಣ. ನೀನು ಪಕ್ಕದಾಗೆ ನಿಂತು ನೋಡಿದೆ.” ಆಮೇಲೆ ಕೇಳಿದಳು, “ಈಗ ಆ ನೀರು ಎಲ್ಲೈತೆ?”

ನಿಂತಲ್ಲಿಂದ ಇಬ್ಬರೂ ಇಳಿಜಾರು ನೋಡಿದೆವು. ನನ್ನ ಹೊಲ, ಅದರ ಕೆಳಗೆ ಅವಳದು, ಅದರ ಕೆಳಗೆ ಬಸಣ್ಣನದು. ಅದರ ಕೆಳಗೆ, ತಗ್ಗಿನಲ್ಲಿ, ಇಡೀ ಊರಿಗೆ ಕುಡಿಯಲು ನೀರು ಎತ್ತುವ ಬೋರು. ಮೂರು ವರ್ಷದಲ್ಲಿ ಅದು ಎಷ್ಟು ದೂರ ಇಳಿದಿದೆ — ಯಾರು ಹೇಳಬೇಕು? ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡಳು. “ನೀನು ಹೋಗಣ್ಣ. ನನ್ನ ಮುಂದೆ ನಿಲ್ಲಬ್ಯಾಡ” ಅಂದಳು. ಆಗಲೂ ಅಣ್ಣ ಅಂತಲೇ ಅಂದಳು.

ಮಾರನೇ ದಿನ ಹೊನ್ನಾಳಿಯ ಬಸ್ಸು ಹತ್ತಿದೆ. ಬಸಣ್ಣ ಒಂದು ಕಣದಲ್ಲಿ ಮೆಕ್ಕೆಜೋಳ ಹರವುತ್ತಿದ್ದ, ಕೂಲಿಗೆ. ಮೈ ಇಳಿದಿತ್ತು. ನಾನು ಹೇಳುವುದನ್ನು ಕೈ ನಿಲ್ಲಿಸದೆ ಕೇಳಿಸಿಕೊಂಡ. ಕಾಲಿಗೆ ಬೀಳಲು ಬಗ್ಗಿದೆ. ಹಿಂದೆ ಸರಿದ.

“ನನ್ ಕಿವಿಯಾಗೆ ಊದಿ ಹೋಗಾಕೆ ಬಂದ್ಯಾ? ಅವತ್ತು ಕಟ್ಟೆ ಮೇಲೆ ನಾನೊಬ್ಬನೇ ಇದ್ನಾ?”

ಮತ್ತೆ ನನ್ನ ಕಡೆ ನೋಡಲಿಲ್ಲ. ನಾನು ವಾಪಸ್ ಬಂದೆ.

ಕ್ಷಮಿಸಿ ಅಂತ ನಾನು ಯಾರನ್ನೂ ಕೇಳುತ್ತಿಲ್ಲ. ಕೇಳಿ ಪಡೆಯುವಂಥದ್ದಲ್ಲ ಇದು. ಸುರಿದದ್ದನ್ನು ಮೇಲೆತ್ತಲು ಆಗುವುದಿಲ್ಲ. ನಾಳೆ ಸೋಮವಾರ, ಕಟ್ಟೆಯ ಮೇಲೆ ಜನ ಸೇರುತ್ತಾರೆ. ಗಿರಿಜಾ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಏನು ಮೊದಲು ಹೇಳಬೇಕು ಅಂತ ಬಹಳ ಯೋಚಿಸಿದೆ. ನನ್ನ ತಪ್ಪನ್ನೇ ಮೊದಲು ಹೇಳಿದರೆ ಬೈಗುಳದಲ್ಲಿ, ಗದ್ದಲದಲ್ಲಿ ಉಳಿದದ್ದು ಮುಳುಗಿ ಹೋಗುತ್ತದೆ, ಅಷ್ಟರಲ್ಲಿ ಹೆಂಗಸರು ಕೊಡ ತುಂಬಿಕೊಂಡು ಮನೆಗೆ ಹೋಗಿರುತ್ತಾರೆ. ಆದ್ದರಿಂದ ಮೊದಲು ಹೇಳುವುದು — ತಗ್ಗಿನ ಬೋರಿನ ನೀರನ್ನು ಪರೀಕ್ಷೆ ಮಾಡಿಸುವವರೆಗೆ ಯಾರೂ ಕುಡಿಯಬೇಡಿ. ಮಕ್ಕಳಿಗೆ ಕೊಡಬೇಡಿ.

ಯಾಕೆ ಅಂತ ಕೇಳುತ್ತಾರೆ. ಆಗ ಹೇಳುತ್ತೇನೆ.